ಕಾಸರಗೋಡಿನ ಕಡೆ ಚಳಿಗಾಲದಲ್ಲಿ ಮನೆಪಾಠದ ಮಕ್ಕಳಿಗೆ ಪ್ರಕೃತಿಯಲ್ಲಿ ಏನು ತೋರಿಸಬಹುದು?

ನೀವು ಬೆಂಗಳೂರು ಬಿಟ್ಟು ಬದಿಯಡ್ಕದ ಹತ್ತಿರ ಬಂದು ನೆಲೆಸಿದ್ದೀರಿ. 7 ಮತ್ತು 11 ವರ್ಷದ ಮಕ್ಕಳಿಗೆ ಮನೆಯಲ್ಲೇ ಪಾಠ. ತರಿಸಿದ ಪುಸ್ತಕಗಳಲ್ಲಿ ಚಳಿಗಾಲ ಅಂದರೆ ಬರೀ ಹಿಮ, ಬೋಳು ಮರ. ಹಾಗಾದರೆ ಇಲ್ಲಿ ಡಿಸೆಂಬರ್, ಜನವರಿಯಲ್ಲಿ ಏನು ಮಾಡಿಸಲಿ ಎಂದು ಕೇಳಿದ್ದೀರಿ.

ನಾನೂ ಇದೇ ಸೀಮೆಯವಳು, ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದೇನೆ. ಆ ಪುಸ್ತಕಗಳು ಸದ್ಯಕ್ಕೆ ಕಪಾಟಿನಲ್ಲಿರಲಿ. ನಮ್ಮ ಚಳಿಗಾಲ ಗೇರು, ಮಾವು, ಹಲಸು ಹೂಬಿಡುವ ಕಾಲ. ದಿನಕ್ಕೊಂದು ಹೊಸ ಚಟುವಟಿಕೆ ಹುಡುಕಬೇಡಿ. ಎರಡೋ ಮೂರೋ ಸಂಗತಿ ಹಿಡಿದುಕೊಳ್ಳಿ, ಬೇಸಿಗೆಯವರೆಗೂ ವಾರವಾರ ಅದನ್ನೇ ನೋಡಿಸಿ.

ಮೊದಲು ಗೇರು. ಕೈಗೆಟಕುವ ಒಂದು ಹೂಗೊಂಚಲಿಗೆ ಬಣ್ಣದ ನೂಲು ಕಟ್ಟಿ. ಒಂದೇ ಗೊಂಚಲಿನಲ್ಲಿ ಎರಡು ಬಗೆಯ ಹೂ ಇರುತ್ತದೆ. ಹೆಚ್ಚಿನವು ಬರೀ ಗಂಡು, ಕೆಲವು ಮಾತ್ರ ಗಂಡು ಹೆಣ್ಣು ಎರಡೂ ಸೇರಿದ್ದು. ಭೂತಗನ್ನಡಿ ಇದ್ದರೆ ದೊಡ್ಡ ಮಗು ಬೇರೆಬೇರೆ ಎಣಿಸಬಹುದು. ಬಹಳಷ್ಟು ಹೂ ಉದುರಿಹೋಗುತ್ತದೆ. ಉಳಿದದ್ದರಲ್ಲಿ ಮೊದಲು ಕಾಣುವುದು ಹಸಿರು ಬೀಜ, ಹಣ್ಣಲ್ಲ. ಬೀಜ ಬೆಳೆದ ಮೇಲೆ ಅದರ ತೊಟ್ಟು ಉಬ್ಬುತ್ತದೆ. ನಾವು ಗೇರುಹಣ್ಣು ಅಂತ ತಿನ್ನುವುದು ಆ ತೊಟ್ಟನ್ನೇ. ಇದನ್ನು ಮೊದಲೇ ಹೇಳಿಬಿಡಬೇಡಿ. ವಾರಕ್ಕೊಮ್ಮೆ ಸ್ಕೇಲಿಟ್ಟು ಬೀಜ, ತೊಟ್ಟು ಎರಡನ್ನೂ ಅಳೆಯಲಿ, ಅವರಿಗೇ ಗೊತ್ತಾಗುತ್ತದೆ. ಹಸಿ ಬೀಜವನ್ನು ಮಾತ್ರ ಕೊಯ್ಯಲು, ಕಚ್ಚಲು ಬಿಡಬೇಡಿ. ಅದರ ಸೊನೆ ತಾಗಿದರೆ ಚರ್ಮ ಸುಡುತ್ತದೆ.

ಅದೇ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟಿದ ಕೆಂಪಿರುವೆಗಳೂ ಇರಬಹುದು. ದೂರ ನಿಂತು ನೋಡಿ. ಚಿಗುರು, ಹೂಗಳ ರಸ ಹೀರಿ ಕರಟಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಈ ಇರುವೆಗಳು ಹಿಡಿಯುತ್ತವೆ, ಓಡಿಸುತ್ತವೆ. ಆ ಕೀಟವನ್ನು ಕೊಲ್ಲಲೆಂದೇ ನಮ್ಮ ಜಿಲ್ಲೆಯ ದೊಡ್ಡ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದರ ನೋವನ್ನು ಇಲ್ಲಿನ ಎಷ್ಟೋ ಮನೆಗಳು ಇನ್ನೂ ಅನುಭವಿಸುತ್ತಿವೆ. 11 ವರ್ಷದ ಮಗುವಿಗೆ ಇದನ್ನು ಹೇಳಬಹುದು, ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಇಲ್ಲಿ ಗೇರಿನ ಪಾಠ ಅದಿಲ್ಲದೆ ಪೂರ್ತಿಯಾಗುವುದಿಲ್ಲ.

ಎರಡನೆಯದು ನೀರು. ನಿಮ್ಮ ಜಾಗದಲ್ಲೋ ನೆರೆಮನೆಯಲ್ಲೋ ಸುರಂಗ ಇರಬಹುದು, ವಿಚಾರಿಸಿ. ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು, ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಮುರಕಲ್ಲಿನ ಸಂದುಗಳಲ್ಲಿ ಇಳಿದ ಮಳೆನೀರು ಕೆಳಗಿನ ಜೇಡಿಮಣ್ಣಿನಲ್ಲಿ ತಡೆದು ನಿಂತು, ನಿಧಾನಕ್ಕೆ ಒಸರುತ್ತದೆ. ನೀರು ಹೊರಗೆ ಬೀಳುವಲ್ಲಿ 10 ಲೀಟರಿನ ಬಕೆಟ್ ಇಡಿ. ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಅಂತ ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯಲಿ. ಮೇ ತಿಂಗಳ ಹೊತ್ತಿಗೆ ಆ ಅಂಕಿಗಳನ್ನು ಗ್ರಾಫ್ ಮಾಡಿಸಿ. ಮಳೆಗಾಲದ ನೀರು ಬೇಸಿಗೆಗೆ ಎಷ್ಟು ಉಳಿಯುತ್ತದೆ ಅನ್ನುವುದು ಎದುರಿಗೇ ಕಾಣುತ್ತದೆ. ಒಳಗೆ ಮಾತ್ರ ಯಾರೂ ಹೋಗುವುದು ಬೇಡ. ಸುರಂಗ ಇಲ್ಲದಿದ್ದರೆ ಬಾವಿಯ ಹಗ್ಗಕ್ಕೆ ಗುರುತು ಹಾಕಿ ನೀರಿನ ಮಟ್ಟ ಅಳೆಯಿರಿ, ಅದು ದೊಡ್ಡವರ ಕೈಯಲ್ಲೇ ಆಗಲಿ.

ಡಿಸೆಂಬರ್ 21 ಅಥವಾ 22ಕ್ಕೆ ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟಗೆ ನಿಲ್ಲಿಸಿ. ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲಿಡಲಿ. ಅತಿ ಚಿಕ್ಕ ನೆರಳು ಬೀಳುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸು. ಉದ್ದ ಸುಮಾರು 72 ಸೆಂಟಿಮೀಟರ್. ಯಾಕೆ ಹೀಗೆ? ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಹೆಚ್ಚುಕಡಿಮೆ 75ರಲ್ಲಿ. ಡಿಗ್ರಿಗೆ 4 ನಿಮಿಷ ಅಂತ ದೊಡ್ಡ ಮಗುವೇ ಲೆಕ್ಕ ಹಾಕಲಿ. ಕೋಲು ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳಿ. ಏಪ್ರಿಲ್ 20 ದಾಟಿದ ಮೇಲೆ ಒಂದು ದಿನ ಅಲ್ಲಿ ಮಧ್ಯಾಹ್ನ ನೆರಳೇ ಬೀಳುವುದಿಲ್ಲ.

ಹಕ್ಕಿಗಳ ದೊಡ್ಡ ಪಟ್ಟಿ ಈಗಲೇ ಬೇಡ. ಅಡಿಕೆ ತೋಟದಲ್ಲಿ ನೀರು ಹರಿಯುವ ಕಣಿಯ ಹತ್ತಿರ ಬೆಳಗ್ಗೆ ಸುಮ್ನೆ ಕೂತರೆ ಸಾಕು. ಬೂದು ಸಿಪಿಲೆ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ, ಕಾಡು ಸಿಪಿಲೆ ಎಡಕ್ಕೆ ಬಲಕ್ಕೆ. ಚಿಕ್ಕ ಮಗುವೂ ಗುರುತಿಸುವಂಥ ವ್ಯತ್ಯಾಸ. ಎರಡೂ ಚಳಿಗಾಲಕ್ಕೆ ಮಾತ್ರ ನಮ್ಮಲ್ಲಿಗೆ ಬರುವ ವಲಸೆ ಹಕ್ಕಿಗಳು.

ಬರೆಯಲು ಬೇಸರಪಡುವ 7ರ ಮಗುವಿಗೆ ಬಚ್ಚಲೊಲೆಯ ಹೊಗೆ ನೋಡುವ ಕೆಲಸ ಕೊಡಿ. ಬೆಳಗ್ಗೆ ಹೆಚ್ಚಾಗಿ ಸಮುದ್ರದ ಕಡೆಗೆ, ಮಧ್ಯಾಹ್ನದ ಮೇಲೆ ಘಟ್ಟದ ಕಡೆಗೆ ವಾಲುತ್ತದೆ. ದಿನಾ ಒಂದು ಬಾಣದ ಗುರುತು ಹಾಕಿದರೆ ಮುಗಿಯಿತು.

ಮನೆ ಹತ್ತಿರ ಹಲಸಿನ ಮರ ಇದ್ದೇ ಇರುತ್ತದೆ ಅಲ್ವಾ? ಅದನ್ನು ಸೀಸನ್‌ವಾಚ್‌ನಲ್ಲಿ, ಅಂದರೆ ಜನರೇ ಮರಗಳ ಋತುಬದಲಾವಣೆ ದಾಖಲಿಸುವ ಯೋಜನೆಯಲ್ಲಿ, ನೋಂದಾಯಿಸಿ. ಎಲೆ, ಹೂ, ಕಾಯಿ ಎಷ್ಟಿದೆ ಅಂತ ವಾರಕ್ಕೊಮ್ಮೆ ಗುರುತು ಮಾಡಬೇಕು, ಅಷ್ಟೇ. ದೇಶದ ಬೇರೆ ಕಡೆಯ ಮಕ್ಕಳೂ ತಮ್ಮ ಮರಗಳ ವಿವರ ಅಲ್ಲಿಗೆ ಕಳಿಸುತ್ತಾರೆ.