ಬೆಲ್ಲದ ಮೂಟೆ ಹಿಂದೆ ಸಿಕ್ಕ ವಿಡಿಯೋ ಗೇಮ್: ಪ್ಲಗ್ ಹಾಕಬಹುದಾ?

ಪ್ರಶ್ನೆ: ಸರ್, ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಚಿಕ್ಕಪ್ಪ ಮದುವೆಗೆ ಮುಂಚೆ ಟೌನಿನಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರಂತೆ. ಮೊನ್ನೆ ಆಲೆಮನೆ ಪಕ್ಕದ ಕೋಣೆ ಖಾಲಿ ಮಾಡುವಾಗ ಬೆಲ್ಲದ ಮೂಟೆಗಳ ಹಿಂದೆ ಆ ಕಾಲದ ಆಳೆತ್ತರದ ಪೆಟ್ಟಿಗೆ ಸಿಕ್ಕಿತು. ಸಾಲಾಗಿ ಇಳಿದು ಬರುವ ಹುಳುಗಳಂಥವನ್ನು ಹೊಡೆಯುವ ಆಟ ಅಂತೆ. ಪರದೆ ಮೇಲೆ ಹಸಿರು, ಕೆಂಪು ಹಾಳೆ ಅಂಟಿಸಿದ್ದಾರೆ, ಕೀಳಬೇಕಾ? ಭಾವ ಪ್ಲಗ್ ಹಾಕಿ ನೋಡೇ ಬಿಡೋಣ ಅಂತಿದ್ದಾರೆ.

ಉತ್ತರ: ಭಾವನನ್ನು ಮೊದಲು ತಡೆಯಿರಿ! ಹಾಳೆಯನ್ನೂ ಕೀಳಬೇಡಿ. ನೀವು ಹೇಳುವುದು ಸ್ಪೇಸ್ ಇನ್‌ವೇಡರ್ಸ್ ತರಹ ಇದೆ. 1978ರಲ್ಲಿ ಜಪಾನಿನ ಟೈಟೋ ಕಂಪನಿಗಾಗಿ ಟೊಮೊಹಿರೊ ನಿಶಿಕಾಡೊ ಮಾಡಿದ ಆಟ. ಮೊದಮೊದಲು ಅದರ ಪರದೆ ಬರೀ ಕಪ್ಪು ಬಿಳುಪು, ಬಣ್ಣವೆಲ್ಲ ಆ ಹಾಳೆಯದ್ದೇ. ಹುಳುಗಳು ಕಡಿಮೆಯಾದಂತೆ ಜೋರಾಗಿ ಓಡುತ್ತವಲ್ಲ, ಅದು ಮೊದಲೇ ಯೋಚಿಸಿ ಇಟ್ಟ ಕಷ್ಟವಲ್ಲ, ಚಿತ್ರ ಬಿಡಿಸುವ ಕೆಲಸ ಕಡಿಮೆಯಾಗಿ ಪ್ರೊಸೆಸರ್‌ಗೆ ಬಿಡುವು ಸಿಕ್ಕಿದ್ದರಿಂದ ಆದದ್ದು, ಚೆನ್ನಾಗಿದೆ ಅಂತ ನಿಶಿಕಾಡೊ ಹಾಗೇ ಬಿಟ್ಟರು.

ಆದರೆ ಇದರ ನಕಲುಗಳೂ ಬೇಕಾದಷ್ಟು ಬಂದಿದ್ದವು. ನಿಮ್ಮದು ಯಾವುದು ಅಂತ ಪೆಟ್ಟಿಗೆ ಹೇಳಲ್ಲ, ಒಳಗಿನ ಸರ್ಕ್ಯೂಟ್ ಬೋರ್ಡ್ ಹೇಳುತ್ತೆ. ಮುಟ್ಟುವ ಮುಂಚೆ ಪ್ರತಿ ವೈರು, ಪ್ರತಿ ಚಿಪ್ಪಿನ ಫೋಟೋ ತೆಗೆಯಿರಿ. 8080 ಅಂತ ಬರೆದ ಇಂಟೆಲ್ ಚಿಪ್, ಅಂದರೆ ಆಟ ಓಡಿಸುವ ಪ್ರೊಸೆಸರ್, ಇದೆಯಾ ನೋಡಿ. ಅದಕ್ಕೆ 5, 12 ಮತ್ತು ಮೈನಸ್ 5, ಹೀಗೆ ಮೂರು ವೋಲ್ಟೇಜ್ ಬೇಕು. ಬೋರ್ಡ್ ಬಿಚ್ಚಿಟ್ಟು, ಪವರ್ ಸಪ್ಲೈ ಮಾತ್ರ ಮೀಟರಿನಲ್ಲಿ ಅಳೆಸಿ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230, ಟ್ರಾನ್ಸ್‌ಫಾರ್ಮರ್ ಮೇಲೆ ಏನು ಬರೆದಿದೆ ನೋಡದೆ ಪ್ಲಗ್ ಹಾಕಿದರೆ ಕಥೆ ಮುಗೀತು.

ಪರದೆ ಕೆಲಸವನ್ನು ಡಬ್ಬಾ ಟಿವಿ ರಿಪೇರಿ ಮಾಡಿದ ಹಳೇ ಮೆಕ್ಯಾನಿಕ್‌ಗೇ ಕೊಡಿ. ಪಿಕ್ಚರ್ ಟ್ಯೂಬಿನಲ್ಲಿ ಹತ್ತು ಸಾವಿರ ವೋಲ್ಟ್‌ಗೂ ಜಾಸ್ತಿ ಇರುತ್ತೆ, ಆಫ್ ಮಾಡಿದ ಮೇಲೂ ಹೊಡೆಯುತ್ತೆ. ಒಣಗಿದ ಕೆಪಾಸಿಟರ್‌ಗಳನ್ನೂ ಅವರೇ ಬದಲಾಯಿಸುತ್ತಾರೆ.

ಚಿಪ್ಪುಗಳ ಮೇಲೆ ಸ್ಟಿಕ್ಕರ್ ಇದ್ದರೆ ಕೀಳಬೇಡಿ. ಅದರ ಕೆಳಗೆ ಗಾಜಿನ ಕಿಟಕಿ ಇರಬಹುದು, ಅದರೊಳಗೆ ಬಿಸಿಲು ಬಿದ್ದರೆ ಆಟವೇ ಅಳಿಸಿ ಹೋಗುತ್ತೆ. ಇದು ಓದಿ ಕಲಿತದ್ದಲ್ಲ. ಮೈಸೂರಿನಲ್ಲಿ ಒಂದು ಬೋರ್ಡ್ ತೊಳೆದು, ಅಂಟು ಅಂತ ಸ್ಟಿಕ್ಕರನ್ನೂ ಕೆರೆದು, ತಾರಸಿ ಮೇಲೆ ಒಣಗಲು ಇಟ್ಟು ದಸರಾ ಗಲಾಟೆಯಲ್ಲಿ ಹತ್ತು ದಿನ ಮರೆತೇಬಿಟ್ಟೆ. ಜಂಬೂಸವಾರಿ ಮುಗಿಸಿ ಬಂದು ಹಾಕಿದರೆ ಪರದೆ ತುಂಬ ಕಸ. ಅದಕ್ಕೇ ಹೇಳೋದು, ಮೊದಲು ಚಿಪ್ಪುಗಳ ಒಳಗಿರುವುದನ್ನು ಪ್ರೋಗ್ರಾಮರ್ ಯಂತ್ರದಲ್ಲಿ ಕಾಪಿ ಮಾಡಿಸಿ, ಆಮೇಲೆ ಮಿಕ್ಕಿದ್ದು.

ಪೆಟ್ಟಿಗೆಯ ಪ್ಲೈವುಡ್‌ಗೆ ಗೆದ್ದಲು ಹಿಡಿದಿದ್ದರೂ ಚಿಂತೆ ಬೇಡ. ಹಳೇ ಹಲಗೆ ಅಚ್ಚಿಟ್ಟು ಬಡಗಿ ಹೊಸದು ಕೊಯ್ದು ಕೊಡುತ್ತಾನೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ ಸರ್, ಒಳಗಿನದು ಕಿತ್ತು ಕಂಪ್ಯೂಟರ್ ಇಟ್ಟರೆ ಆಗಲ್ವಾ? (ಮೈಸೂರಿನ ಇನ್ನೊಬ್ಬ ಓದುಗರು)

ಉತ್ತರ: ಆಗುತ್ತೆ. ಹಳೇ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಅನ್ನೋ ಸಾಫ್ಟ್‌ವೇರ್ 1997ರಿಂದಲೇ ಇದೆ. ಖಾಲಿ ಪೆಟ್ಟಿಗೆ ಸಿಕ್ಕಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ಬೋರ್ಡ್ ಇರುವ ಪೆಟ್ಟಿಗೆಗೆ ಮಾತ್ರ ಬೇಡ. ಕಿತ್ತೇ ತೀರುತ್ತೇನೆ ಅಂದರೆ ಗುಜರಿಗೆ ಹಾಕಬೇಡಿ, ನಮ್ಮ ಪತ್ರಿಕೆಗೆ ಒಂದು ಕಾರ್ಡ್ ಬರೆಯಿರಿ, ನಾನೇ ಬಂದು ತಗೊಂಡು ಹೋಗುತ್ತೇನೆ.