ಬೇಸಿಗೆಯ ಕೊನೆಯಲ್ಲಿ ಪೇಟೆ ಕೆಲಸ, ಹವ್ಯಾಸ ಮತ್ತು ಹೊಳೆಯ ಗಾಳ: ಹೊಂದಿಸಿಕೊಳ್ಳುವುದು ಹೇಗೆ?

ಕಾಸರಗೋಡಿನ ಬದಿಯಡ್ಕದ ಕಡೆಗೆ ಮರಳಿ ಬಂದು ನೆಲೆಸಿರುವ ತಾವು, ಮೇ ತಿಂಗಳಲ್ಲಿ ಪೇಟೆಯ ಕೆಲಸ, ತಾಳಮದ್ದಳೆಯ (ವೇಷವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಅಭ್ಯಾಸ ಮತ್ತು ಹೊಳೆಯಲ್ಲಿ ಗಾಳ ಹಾಕುವ ಆಸೆ ಒಂದಕ್ಕೊಂದು ಅಡ್ಡ ಬರುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಅಡೂರಿನ ಆಸುಪಾಸಿನಲ್ಲಿ, ಪಯಸ್ವಿನಿ ಹೊಳೆಯ ಬದಿಯಲ್ಲಿ ಬೆಳೆದವನು. ಮೊದಲು ಮೀನಿನ ಹೊತ್ತನ್ನು ಗೊತ್ತುಮಾಡಿಕೊಂಡು, ಉಳಿದವನ್ನು ಅದಕ್ಕೆ ಹೊಂದಿಸಿ ಎಂಬುದೇ ನನ್ನ ಸಲಹೆ. ಪೇಟೆಯ ಕೆಲಸವನ್ನು ಹಿಂದೆ ಮುಂದೆ ಮಾಡಬಹುದು, ಮೀನು ಮೇಯುವ ಹೊತ್ತನ್ನು ಮಾಡಲಾಗದು.

ಈ ಕಾಲಕ್ಕೆ ನಮ್ಮ ತೋಡುಗಳ, ಎಂದರೆ ಸಣ್ಣ ಹಳ್ಳಗಳ, ಹರಿವು ನಿಂತು, ನೀರು ಕಯಗಳೆಂಬ ಆಳದ ಗುಂಡಿಗಳಲ್ಲಿ ಮಾತ್ರ ಉಳಿದಿರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ, ಹೊತ್ತೇರಿದಂತೆ ಮೀನು ಆಳಕ್ಕೆ, ಬೇರುಗಳ ನೆರಳಿಗೆ ಸರಿಯುತ್ತದೆ. ನಸುಕು ಮತ್ತು ಮುಸ್ಸಂಜೆಯೇ ಗಾಳದ ಹೊತ್ತು. ಕೊರವ (ಮರಲ್) ಮೀನಿಗಾದರೆ ಬೆಳಕು ಹರಿಯುವ ಮುನ್ನವೇ ಕಯದ ಅಂಚಿನಲ್ಲಿ ಸದ್ದಿಲ್ಲದೆ ಕುಳಿತಿರಬೇಕು. ಅದು ಉಸಿರಿಗಾಗಿ ಆಗಾಗ ಮೇಲೆ ಬರುತ್ತದೆ. ಮೂತಿ ಒಂದು ಕ್ಷಣ ಕಾಣಿಸಿ, ಬಾಯಿತುಂಬ ಗಾಳಿ ಸೆಳೆದು ಮುಳುಗಿದಲ್ಲಿ ಸಣ್ಣ ಉಂಗುರವೊಂದು ಅಗಲವಾಗುತ್ತದೆ. ಆ ಉಂಗುರದ ಮೇಲೆಯೇ ಗಾಳ ಎಸೆದರೆ ಮೀನು ಬೆದರುತ್ತದೆ. ಒಂದು ಮಾರು ಆಚೆ ಹಾಕಿ, ಗಾಳಕ್ಕೆ ಸಿಕ್ಕಿಸಿದ ಮಿಡತೆಯನ್ನು ನಿಧಾನವಾಗಿ ಇತ್ತ ಎಳೆದು ತರಬೇಕು. ಮೀಸೆಯ ಮೀನಾದ ಮುಗುಡು ಬೇಕಾದರೆ ಕತ್ತಲಾದ ಮೇಲೆ ಎರೆಹುಳುವನ್ನು ತಳಕ್ಕೆ ಇಳಿಸಿ, ಆದರೆ ಬಿಡಿಸುವಾಗ ಅದರ ಪಕ್ಕದ ಮುಳ್ಳಿನಿಂದ ಕೈ ದೂರವಿರಲಿ. ಕಯದ ನೀರನ್ನು ತೋಟಕ್ಕೆ ಬಿಡುವವರಿದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿ, ಪಂಪು ಓಡಿಸುವ ಹೊತ್ತನ್ನೂ ಕೇಳಿಕೊಳ್ಳಿ.

ಬಿಸಿಲೇರುವಾಗ ಹೊಳೆಯಿಂದ ಎದ್ದು ಬಂದರೆ, ವಿಲೇಜ್ ಆಫೀಸು ತೆರೆಯುವ ಹೊತ್ತಿಗೆ ಪೇಟೆ ಸೇರಬಹುದು. ಭೂ ತೆರಿಗೆ, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಮಾಡಿಕೊಡುವ ಅಕ್ಷಯ ಕೇಂದ್ರದ ಕಾಗದಪತ್ರ, ಜೂನ್‌ನಲ್ಲಿ ಶಾಲೆಗೆ ಹೋಗುವ ಮಕ್ಕಳ ಪುಸ್ತಕ, ಕೊಡೆ, ಇವನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸಿ. ಅಡಿಕೆ ತೋಟವಿದ್ದರೆ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಮತ್ತು ಸುಣ್ಣವನ್ನೂ ಆಗಲೇ ತನ್ನಿ. 100 ಲೀಟರ್ ನೀರಿಗೆ ತಲಾ 1 ಕಿಲೋ ಎಂಬ ಲೆಕ್ಕ. ಕೊಳೆರೋಗಕ್ಕೆ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ ಆಗಬೇಕಾದುದರಿಂದ ಇದನ್ನು ಮಾತ್ರ ಮುಂದೂಡಬೇಡಿ.

ಮಧ್ಯಾಹ್ನದ ನಂತರ ಮನೆಯಲ್ಲೇ ಇರುವುದು ಒಳ್ಳೆಯದು. ಮೂಡಣ ದಿಕ್ಕಿನಲ್ಲಿ ಗುಡುಗಿದರೆ ಅಂಗಳದ ಅಡಿಕೆಯನ್ನು ಒಟ್ಟುಮಾಡಿ ಮುಚ್ಚಲು ಕೈಗಳು ಬೇಕು. ಅಲ್ಲಿಯವರೆಗೆ ಜಗಲಿಯಲ್ಲಿ ಕುಳಿತು ಪ್ರಸಂಗದ ಪದ್ಯಗಳನ್ನು ಓದಿ, ತಾಳಮದ್ದಳೆಯಲ್ಲಿ ಆಡಬೇಕಾದ ಮಾತನ್ನು, ಎಂದರೆ ಅರ್ಥವನ್ನು, ಸಿದ್ಧಪಡಿಸಬಹುದು. ಯಕ್ಷಗಾನ ಬಯಲಾಟ ನೋಡುವ ಆಸೆಯಿದ್ದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆ ಎಂಬ ದಿನದೊಳಗೆ ನೋಡಿ, ಏಕೆಂದರೆ ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಇಡೀ ರಾತ್ರಿ ಆಟ ನೋಡಿದ ಬೆಳಗ್ಗೆ ಮಾತ್ರ ಹೊಳೆಗೆ ಇಳಿಯಬೇಡಿ, ನಿದ್ದೆಗೆಟ್ಟ ಕಾಲಿಗೆ ಪಾಚಿಗಟ್ಟಿದ ಬಂಡೆ ಅಪಾಯ. ತಾಳಮದ್ದಳೆಗೆ ಮಳೆಗಾಲವಿಡೀ ಮುಂದಿದೆ. ಈ ತಿಂಗಳು ಅದು ಸ್ವಲ್ಪ ಹಿಂದೆ ಬಿದ್ದರೂ ನಷ್ಟವಿಲ್ಲ.

ಮನಸ್ಸಿಗೆ ಹತ್ತಿರವಾದ ಇನ್ನೊಂದು ವಿಷಯವನ್ನು ಹೇಳಲೇಬೇಕು. ಬತ್ತುತ್ತಿರುವ ಕಯದಲ್ಲಿ ಸಿಕ್ಕಿಕೊಂಡ ಮೀನೇ ಮುಂದಿನ ವರ್ಷದ ತೋಡಿನ ಬೀಜ, ಆದುದರಿಂದ ಅಂದಿನ ಸಾರಿಗೆ ಬೇಕಾದಷ್ಟು ಸಿಕ್ಕಿದ ಕೂಡಲೇ ಗಾಳ ಸುತ್ತಿಡಿ. ಮೀನಿಗೆ ವಿಷವಾದ ಕಾರೆಕಾಯಿ ಅರೆದು ಹಾಕುವವರ, ಬ್ಲೀಚಿಂಗ್ ಪುಡಿ ಸುರಿಯುವವರ, ಸಿಡಿಮದ್ದಿನ ತೋಟೆ ಸಿಡಿಸುವವರ ಜೊತೆ ಎಂದೂ ಸೇರಬೇಡಿ. ಮರಿಯೂ ಉಳಿಯದಂತೆ ಮಾಡುವ ಆ ಕೆಲಸ ನನಗೆ ಸಹಿಸಲಾಗದ್ದು. ಮೊದಲ ದೊಡ್ಡ ಮಳೆಗೆ ತೋಡು ತುಂಬಿ, ಮೊಟ್ಟೆ ಹೊತ್ತ ಮೀನು ಗದ್ದೆಯ ಕಡೆಗೆ ಹತ್ತತೊಡಗಿದ ದಿನದಿಂದ ಗಾಳವನ್ನೂ ಬಲೆಯನ್ನೂ ಮೇಲಿಡಬೇಕು. ಹಾಗೆ ಹತ್ತುವ ಮೀನನ್ನು ಅಡ್ಡಗಟ್ಟಿ ಹಿಡಿಯುವುದನ್ನು ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ನಿಷೇಧಿಸಿದೆ. ಅಲ್ಲಿಂದ ಮುಂದೆ ನಿಮ್ಮ ಬೆಳಗಿನ ಹೊತ್ತು ಬಿಡುವಾಗುತ್ತದೆ. ಅದನ್ನು ಪೂರ್ತಿಯಾಗಿ ಅರ್ಥಗಾರಿಕೆಗೆ ಕೊಡಿ.