ವೋಲ್ಟೇಜ್ ಏರಿಸುವ ಮೊದಲು ಟಿಎಲ್‌ಸಿ ಹಾಕಿ ನೋಡಿ

ಫ್ಲಾಸ್ಕಿನಲ್ಲಿ ರಾತ್ರಿಯಿಡೀ ಹಿಡಿಯುವ ಕಂಡೆನ್ಸೇಷನ್ (ಎರಡು ಅಣು ಕೂಡಿ ಒಂದಾಗುವ ರಿಯಾಕ್ಷನ್) ಎಲೆಕ್ಟ್ರೋಸ್ಪ್ರೇ ಹನಿಗಳಲ್ಲಿ, ಅಂದರೆ ಹೈ ವೋಲ್ಟೇಜ್ ಕೊಟ್ಟು ಸಿಂಪಡಿಸಿದ ದ್ರಾವಣದ ಸೂಕ್ಷ್ಮ ಹನಿಗಳಲ್ಲಿ, ಕ್ಷಣದಲ್ಲಿ ಆಗುತ್ತಿದೆ, ಇನ್ನೂ ವೇಗಕ್ಕೆ ವೋಲ್ಟೇಜನ್ನು 5 ಕಿಲೋವೋಲ್ಟ್ ದಾಟಿಸಲೇ ಅಂತ ಪುಣೆಯಿಂದ ಕೇಳಿದ್ದೀರಿ. ಬೇಡ.

ನಾನೂ ಪುಣೆಯಲ್ಲೇ, ಪಾಷಾಣ್ ಕಡೆಯ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವನು. ನನ್ನ ತಿಂಗಳುಗಟ್ಟಲೆ ಕೆಲಸ ನೀರಿಗೆ ಹೋಗಿದ್ದು ಅಳತೆಯಿಂದ. ಗಂಟೆಗೊಮ್ಮೆ ಫ್ಲಾಸ್ಕಿನಿಂದ ಸ್ವಲ್ಪ ತೆಗೆದು ಹಾಗೇ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಅದೇ ಎಲೆಕ್ಟ್ರೋಸ್ಪ್ರೇ ಮೂಲಕ ಹಾಕುತ್ತಿದ್ದೆ. ಪ್ರಾಡಕ್ಟಿನ ಪೀಕ್ ಚೆನ್ನಾಗಿ ಬರುತ್ತಿತ್ತು. ಅದನ್ನು ನಂಬಿ ಕ್ಯಾಟಲಿಸ್ಟ್ ಬದಲಿಸಿದೆ, ಸಾಲ್ವೆಂಟ್ ಬದಲಿಸಿದೆ. ಧಾರವಾಡದ ನಮ್ಮ ಸೀನಿಯರ್ ಅಕ್ಕ ಒಂದು ದಿನ ಕೇಳಿದರು: "ಫ್ಲಾಸ್ಕಿಂದೂ ಅದ ಸ್ಪ್ರೇದಾಗ ನೋಡೀಯೇನೋ ತಮ್ಮಾ?" ಅವರೇ ಟಿಎಲ್‌ಸಿ ಪ್ಲೇಟ್ (ಮಿಶ್ರಣದ ಒಂದೊಂದು ವಸ್ತುವನ್ನೂ ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ತೆಳು ಹಾಳೆ) ಓಡಿಸಿ ಯುವಿ ದೀಪದ ಕೆಳಗೆ ಹಿಡಿದರು. ಎರಡೂ ಸ್ಟಾರ್ಟಿಂಗ್ ಮೆಟೀರಿಯಲ್‌ಗಳ ಚುಕ್ಕೆ ಇತ್ತು. ಪ್ರಾಡಕ್ಟಿನ ಜಾಗ ಖಾಲಿ. ಫ್ಲಾಸ್ಕಿನಲ್ಲಿ ಏನೂ ಆಗಿರಲೇ ಇಲ್ಲ. ಅಳೆಯುವ ಹೊತ್ತಿನಲ್ಲಿ ಸ್ಪ್ರೇಯ ಹನಿಗಳೇ ಅದನ್ನು ಮಾಡಿ ತೋರಿಸುತ್ತಿದ್ದವು. ನಾನು ಫ್ಲಾಸ್ಕ್ ಅಂತ ಬರೆದುಕೊಂಡಿದ್ದೆಲ್ಲ ಸ್ಪ್ರೇಯ ಲೆಕ್ಕ.

ಆದ್ದರಿಂದ ಫ್ಲಾಸ್ಕಿನ ಸ್ಯಾಂಪಲ್ಲನ್ನು ಕ್ವೆಂಚ್ ಮಾಡಿ, ಅಂದರೆ ರಿಯಾಕ್ಷನ್ ಅಲ್ಲೇ ನಿಲ್ಲಿಸಿ, ಸ್ಪ್ರೇ ಇಲ್ಲದೆ ಅಳೆಯುವ ಎಚ್‌ಪಿಎಲ್‌ಸಿಯಲ್ಲೋ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಎನ್‌ಎಂಆರ್‌ನಲ್ಲೋ (ಅಯಸ್ಕಾಂತದಿಂದ ಅಣುವಿನ ರಚನೆ ನೋಡುವ ಯಂತ್ರ) ನೋಡಿ. ಪೀಕಿನ ಎತ್ತರವನ್ನು ಇಳುವರಿ ಅಂದುಕೊಳ್ಳಬೇಡಿ. ಪ್ರಾಡಕ್ಟಿನಲ್ಲಿ ಪ್ರೋಟಾನ್ ಹಿಡಿಯುವ ನೈಟ್ರೋಜನ್ ಇದ್ದರೆ ಚೂರೇ ಇದ್ದರೂ ಪೀಕ್ ದೊಡ್ಡದಾಗಿ ಕಾಣುತ್ತದೆ.

ಇನ್ನು ವೋಲ್ಟೇಜ್. ವೇಗ ಅದರಿಂದಲೇ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ತಂಡ ಲೈಡನ್‌ಫ್ರಾಸ್ಟ್ ಹನಿಗಳಲ್ಲೂ ವೇಗ ಕಂಡಿದೆ. ಕಾದ ದೋಸೆ ಕಾವಲಿ ಮೇಲೆ ನೀರು ಓಡಾಡುತ್ತಲ್ಲ, ಅಂಥ ಹನಿಗಳು. ಅಲ್ಲಿ ಹೈ ವೋಲ್ಟೇಜೇ ಇಲ್ಲ. ಮುಖ್ಯವಾದದ್ದು ಮೇಲ್ಮೈ. ತ್ರಿಜ್ಯ 1 ಮಿಲಿಮೀಟರಿನಿಂದ 1 ಮೈಕ್ರಾನಿಗೆ ಇಳಿದರೆ ಗಾತ್ರಕ್ಕೆ ಹೋಲಿಸಿದ ಮೇಲ್ಮೈ 1000 ಪಟ್ಟು ಹೆಚ್ಚುತ್ತದೆ. ಅಲ್ಲಿರುವ ಅಣುಗಳನ್ನು ಸಾಲ್ವೆಂಟ್ ಪೂರ್ತಿ ಸುತ್ತುವರಿದಿರುವುದಿಲ್ಲ, ಹಾಗಾಗಿ ಬೇಗ ಪ್ರತಿಕ್ರಿಯಿಸುತ್ತವೆ ಅನ್ನುತ್ತಾರೆ. ಜೊತೆಗೆ ಹನಿ ಆವಿಯಾಗುತ್ತಾ ಗಾಢವಾಗುತ್ತದೆ. ವೋಲ್ಟೇಜ್ ವಿಪರೀತ ಏರಿಸಿದರೆ ತುದಿಯಲ್ಲಿ ಕರೋನಾ ಡಿಸ್ಚಾರ್ಜ್ (ಸುತ್ತಲಿನ ಗಾಳಿಯಲ್ಲೇ ವಿದ್ಯುತ್ ಸೋರುವುದು) ಆಗಿ, ಬೇಡದ ಆಕ್ಸಿಡೇಷನ್ ಪೀಕುಗಳು ಬರುತ್ತವೆ. ಅದರ ಬದಲು ಸ್ಪ್ರೇ ತುದಿಯನ್ನು ಇನ್ಲೆಟ್‌ನಿಂದ (ಮಾಸ್ ಸ್ಪೆಕ್ಟ್ರೋಮೀಟರಿನ ಬಾಯಿ) ಸ್ವಲ್ಪ ಸ್ವಲ್ಪ ದೂರ ಸರಿಸಿ ನೋಡಿ, ಹನಿಗೆ ಹಾರುವ ಹೊತ್ತು ಹೆಚ್ಚು ಸಿಗುತ್ತದೆ. ಸರಿಸುವ ಮೊದಲು ಸಪ್ಲೈ ಆಫ್ ಮಾಡಿ, ದಯವಿಟ್ಟು.

ಗ್ರಾಂಗಟ್ಟಲೆ ಮಾಡುವ ಆಸೆ ಇದ್ದರೆ ಮೊದಲೇ ಲೆಕ್ಕ ಹಾಕಿ. 10 ಮಿಲಿಮೋಲಾರ್ ದ್ರಾವಣ, ನಿಮಿಷಕ್ಕೆ 5 ಮೈಕ್ರೋಲೀಟರ್, ಪ್ರಾಡಕ್ಟಿನ ಅಣುತೂಕ 200. ಪೂರ್ತಿ ಪರಿವರ್ತನೆಯಾದರೂ ಒಂದು ತುದಿಯಿಂದ ಗಂಟೆಗೆ ಸಿಗುವುದು 0.6 ಮಿಲಿಗ್ರಾಂ. ಯಾವ ರಿಯಾಕ್ಷನ್ ನಡೆಯುತ್ತದೆ ಅಂತ ಬೇಗ ಸೋಸಿ ನೋಡುವುದಕ್ಕೆ ಇದು ಬಹಳ ಒಳ್ಳೆಯ ದಾರಿ. ನಾನಾದರೆ ಅದಕ್ಕೇ ಬಳಸುತ್ತೇನೆ.